ಬಿಎಚ್ ರೋಡಿನ ಕೊನೇ ಊರಲ್ಲಿ ಮನೆ ಮಾಡೋದಾದ್ರೆ

ನಾನು ಹುಟ್ಟಿ ಬೆಳೆದಿದ್ದು ತುಮಕೂರಲ್ಲಿ, ಬಿಎಚ್ ರೋಡಿಂದ ಎರಡು ಕ್ರಾಸ್ ಒಳಗೆ. ಆ ಬಿಎಚ್ ಅಂದ್ರೇನು ಅಂತ ನಾನೂ ಕೇಳ್ಲಿಲ್ಲ, ಯಾರೂ ಹೇಳ್ಲೂ ಇಲ್ಲ. ತಿಪಟೂರಲ್ಲೂ ಬಿಎಚ್ ರೋಡ್, ಅರಸೀಕೆರೆಲೂ ಬಿಎಚ್ ರೋಡ್, ಭದ್ರಾವತಿ ಶಿವಮೊಗ್ಗದಲ್ಲೂ ಅದೇ, ಎಲ್ಲಾ ಊರಲ್ಲೂ ಒಂದೊಂದು ಇರುತ್ತೇನೋ ಎಂಜಿ ರೋಡ್ ಥರ ಅಂದ್ಕೊಂಡಿದ್ದೆ. ಆಮೇಲೆ ಯಜಮಾನ್ರಿಗೆ ಟ್ರಾನ್ಸ್‌ಫರ್ ಆಗಿ ಹೊನ್ನಾವರಕ್ಕೆ ಸಾಮಾನು ಸಾಗಿಸುವಾಗ ಲಾರಿ ಡ್ರೈವರ್ ಹೇಳಿದ್ರು, ಅಕ್ಕಾ ಇದೆಲ್ಲಾ ಒಂದೇ ರೋಡು, ಬೆಂಗ್ಳೂರು-ಹೊನ್ನಾವರ ರೋಡು ಅಂತ. ತುಮಕೂರಿಂದ ಇಲ್ಲಿಗೆ 350 ಕಿಲೋಮೀಟರಿಗೂ ಮೇಲೆ, ಹಳೇ ನ್ಯಾಷನಲ್ ಹೈವೇ 206. ಅಂದ್ರೆ ನಾನು ಚಿಕ್ಕಂದಿಂದ ಈ ಊರಿನ ಹೆಸರು ಹೇಳ್ಕೊಂಡೇ ಟ್ಯೂಷನ್ನಿಗೆ ಹೋಗ್ತಿದ್ದೆ, ಗೊತ್ತಿರ್ಲಿಲ್ಲ ಅಷ್ಟೆ.

ಮೂರು ವರ್ಷಕ್ಕೆ ಅಂತ ಬಂದಿದ್ವಿ, ಈಗ ಏಳನೇ ಮಳೆಗಾಲ. ಘಟ್ಟದ ಮೇಲಿಂದ ಫ್ರೆಂಡ್ಸು ನೆಂಟರು ಬಂದು ಎರಡು ದಿನ ಇದ್ದು, ಬೋಟಲ್ಲಿ ಸುತ್ತಾಡಿ, ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆ ದಾರೀಲಿ ಫೋಟೋ ಹೊಡ್ಕೊಂಡು, ವಾಪಸ್ ಹೋಗುವಾಗ ಎಲ್ರೂ ಕೇಳೋದು ಒಂದೇ, ನಾವೂ ಇಲ್ಲೊಂದು ಮನೆ ಮಾಡ್ಬೋದಾ ಅಂತ. ಮಾಡ್ಬೋದು, ಆದ್ರೆ ಹೆಂಗೆ ಮಾಡ್ಬೇಕು ಅಂತ ಪ್ರತಿಯೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ.

ಮೊದಲನೇ ವಿಷಯ, ಡಿಸೆಂಬರಲ್ಲಿ ಬಂದು ಊರು ನೋಡಿ ತೀರ್ಮಾನ ಮಾಡ್ಬೇಡಿ. ಡಿಸೆಂಬರಲ್ಲಿ ಯಾವ ಊರು ಚೆನ್ನಾಗಿರಲ್ಲ ಹೇಳಿ? ಶರಾವತಿ ಕನ್ನಡಿ ಥರ ಇರುತ್ತೆ, ಸಾಯಂಕಾಲ ಸೇತುವೆ ಮೇಲೆ ನಿಂತ್ರೆ ಒಂದ್ಕಡೆ ಸಮುದ್ರಕ್ಕೆ ಸೂರ್ಯ ಇಳೀತಿರ್ತಾನೆ, ಇನ್ನೊಂದ್ಕಡೆ ಕೊಂಕಣ ರೈಲಿನ ಸೇತುವೆ ಮೇಲೆ ರೈಲು ಹೋಗ್ತಿರುತ್ತೆ, 2 ಕಿಲೋಮೀಟರಿಗೂ ಉದ್ದ ಅದು, ಆ ಲೈನಲ್ಲೇ ಎಲ್ಲಕ್ಕಿಂತ ಉದ್ದದ ಸೇತುವೆ, ರೈಲು ಮುಗಿಯೋದೇ ಇಲ್ವೇನೋ ಅನ್ಸುತ್ತೆ. ಅದನ್ನ ನೋಡಿ ಅಡ್ವಾನ್ಸ್ ಕೊಟ್ಟೋರು ನಂಗೆ ಗೊತ್ತಿದ್ದಂಗೆ ಮೂರು ಜನ. ನೀವು ಜುಲೈನಲ್ಲಿ ಬನ್ನಿ. ಹತ್ತು ದಿನ ಇರಿ. ಒಂದೇ ಸಮ ಮಳೆ, ಬಟ್ಟೆ ಒಣಗಲ್ಲ, ಬೀರುವಿನಲ್ಲಿ ಇಟ್ಟ ಚಪ್ಪಲಿ ಬೆಲ್ಟಿಗೆಲ್ಲಾ ಬೂಸ್ಲು, ಉಪ್ಪಿನ ಡಬ್ಬ ತೆಗೆದ್ರೆ ನೀರು, ಕರೆಂಟು ಮಧ್ಯಾಹ್ನ ಹೋದ್ರೆ ಎಲ್ಲೋ ಮರ ಬಿದ್ದಿದೆ ಅಂತ ಸಾಯಂಕಾಲ ಗೊತ್ತಾಗುತ್ತೆ. ಹೊಳೆ ಕೆಂಪಗೆ, ಮಣ್ಣು ಕಲಸಿದ ಟೀ ಥರ. ಆ ಹತ್ತು ದಿನದಲ್ಲಿ ಒಂದು ದಿನ, ಮಳೆ ಎರಡು ಗಂಟೆ ಬಿಟ್ಟಾಗ, ಹಂಚಿಂದ ನೀರು ತೊಟ್ಟಿಕ್ಕೋದು ಕೇಳ್ತಾ ಜಗಲೀಲಿ ಕೂತು ನಿಮಗೆ ಇನ್ನೂ ಇರೋಣ ಅನ್ಸಿದ್ರೆ ಮುಂದಿಂದು ಓದಿ. ಅನ್ಸಿಲ್ಲ ಅಂದ್ರೆ ತಪ್ಪೇನಿಲ್ಲ, ಡಿಸೆಂಬರಲ್ಲಿ ಬಂದು ಹೋಗ್ತಿರಿ, ನಮ್ಮನೇಲಿ ಜಾಗ ಇದೆ.

ಮನೆ ನೋಡೋಕೆ ಹೊರಟ್ರೆ ಮನೆ ನೋಡ್ಬೇಡಿ, ಬಾವಿ ನೋಡಿ. ಇದನ್ನ ನಾನು ದುಡ್ಡು ಕಳ್ಕೊಂಡು ಕಲ್ತಿದ್ದು. ನಾವು ಮೊದಲು ಹಿಡಿದ ಬಾಡಿಗೆ ಮನೆ ಹೊಳೆಯಿಂದ ಕೂಗಳತೆ, ಕೆಂಪು ಕಲ್ಲಿನ ಗೋಡೆ, ಮಂಗಳೂರು ಹಂಚು, ಹಿತ್ತಲಲ್ಲಿ ಆರು ತೆಂಗಿನ ಮರ, ನಂಗೆ ತಲೆ ಕೆಟ್ಟೋಯ್ತು ಅಷ್ಟು ಇಷ್ಟ ಆಯ್ತು. ನವೆಂಬರ್ ತಿಂಗಳು. ಮನೆ ತೋರಿಸಿದೋರನ್ನ ನೀರು ಹೆಂಗಿದೆ ಅಂತ ಕೇಳಿದೆ, ಅವ್ರು "ನೀರು ಅಡ್ಡಿಲ್ಲ" ಅಂದ್ರು. ನಮ್ಮ ಕಡೆ ಅಡ್ಡಿಯಿಲ್ಲ ಅಂದ್ರೆ ಏನೂ ತೊಂದ್ರೆ ಇಲ್ಲ ಅಂತ ತಾನೇ? ಇಲ್ಲಿ ಅಡ್ಡಿಲ್ಲ ಅನ್ನೋ ಮಾತು ಒಂದು ದೊಡ್ಡ ಸಂಸಾರ ಕಣ್ರಿ, ಚೆನ್ನಾಗಿದೆ ಅನ್ನೋಕೂ ಅದೇ, ಪರ್ವಾಗಿಲ್ಲ ಅನ್ನೋಕೂ ಅದೇ, ಏನ್ಮಾಡೋದು ಹೇಗೋ ನಡೆಯುತ್ತೆ ಅನ್ನೋಕೂ ಅದೇ, ರಾಗ ಕೇಳಿ ಅರ್ಥ ಮಾಡ್ಕೋಬೇಕು. ಮಾರ್ಚ್ ಕೊನೇಲಿ ಟೀ ರುಚಿ ಯಾಕೋ ಬದಲಾಯ್ತು, ಏಪ್ರಿಲಲ್ಲಿ ತೊಗರಿಬೇಳೆ ನಾಲ್ಕು ವಿಸಲ್ ಕೂಗಿದ್ರೂ ಬೇಯಲ್ಲ, ಮೇನಲ್ಲಿ ಬಾಯಿಗೆ ಹಾಕಿದ್ರೆ ಸೀದಾ ಉಪ್ಪು. ಪಕ್ಕದ ಮನೆ ಅಮ್ಮ ಬೇಲಿ ಆಚೆಯಿಂದ ಹೇಳಿದ್ರು, "ಅಲ್ಲ ತಂಗೀ, ಬಾವಿ ನೀರು ಮೇ ತಿಂಗ್ಳಲ್ಲಿ ಕುಡ್ದು ನೋಡ್ಬೇಕು, ನವೆಂಬರಲ್ಲಿ ಎಲ್ಲರ ಮನೆ ಬಾವಿನೂ ಒಳ್ಳೇದೇ." ಆ ಮನೆ ಬಿಟ್ವಿ, ಅಡ್ವಾನ್ಸಲ್ಲಿ ಅರ್ಧ ಬರ್ಲಿಲ್ಲ.

ಹಿಂಗ್ಯಾಕೆ ಆಗುತ್ತೆ ಅಂದ್ರೆ, ಇಲ್ಲಿ ಹೊಳೆ ಅಂದ್ರೆ ಬರೀ ಹೊಳೆ ಅಲ್ಲ, ದಿನಕ್ಕೆ ಎರಡು ಸಲ ಸಮುದ್ರ ಒಳಗೆ ಬಂದು ಹೋಗುತ್ತೆ. ಮಳೆಗಾಲದಲ್ಲಿ ಸಿಹಿನೀರಿನ ಜೋರಿಗೆ ಉಪ್ಪುನೀರು ಹಿಂದೆ ಸರೀತದೆ, ನೆಲದೊಳಗೂ ಸಿಹಿನೀರು ತುಂಬಿರುತ್ತೆ. ಬೇಸಿಗೆ ಬಂದು ನೆಲದೊಳಗಿನ ಸಿಹಿನೀರು ಇಳೀತಾ ಬಂದಂಗೆ ದಂಡೆ ಪಕ್ಕದ ಬಾವಿಗಳಿಗೆ ಸವಳು ನುಗ್ಗುತ್ತೆ, ಪಂಪ್ ಹಾಕಿ ಜಾಸ್ತಿ ಎಳೆದ್ರೆ ಇನ್ನೂ ಬೇಗ. ಶರಾವತಿ ಬೇಸಿಗೇಲೂ ಬತ್ತಲ್ಲ ಅನ್ನೋದು ನಿಜ, ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪ ಡ್ಯಾಮು, ಕರೆಂಟಿಗೆ ಅಂತ ಬಿಟ್ಟ ನೀರು ವರ್ಷವಿಡೀ ಬರ್ತಾನೇ ಇರುತ್ತೆ. ಪಕ್ಕದ ಕುಮಟಾದ ಅಘನಾಶಿನಿಗೆ ಡ್ಯಾಮ್ ಇಲ್ಲ, ಅಲ್ಲಿ ಬೇಸಿಗೇಲಿ ಉಪ್ಪು ಚೆನ್ನಾಗಿ ಏರುತ್ತೆ, ಅದಕ್ಕೇ ಅಲ್ಲಿ ಬೆಳಚು, ಅಂದ್ರೆ ಚಿಪ್ಪುಮೀನು, ಅಷ್ಟೊಂದು ಸಿಗೋದು, ಇಲ್ಲಿ ಆ ಮಟ್ಟಕ್ಕಿಲ್ಲ. ಎರಡು ಹೊಳೆ ನಡುವೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ಸ್ವಭಾವ ಮಾತ್ರ ಅಕ್ಕತಂಗಿಯರ ಥರ ಬೇರೆಬೇರೆ. ಆದ್ರೆ ಹೊಳೇಲಿ ಸಿಹಿನೀರು ಬರ್ತಿದೆ ಅಂತ ನಿಮ್ಮ ಬಾವಿ ಸಿಹಿ ಇರುತ್ತೆ ಅಂತೇನಿಲ್ಲ, ದಂಡೆಯಿಂದ ಸ್ವಲ್ಪ ಏರಿನಲ್ಲಿರೋ ಮನೆ ನೋಡಿ, ಮೇ ಮೂರನೇ ವಾರ ಬಂದು ಒಂದು ಲೋಟ ಕುಡೀರಿ, ಪಕ್ಕದ ಮೂರು ಮನೇಲೂ ಕೇಳಿ ಕುಡೀರಿ, ಯಾರೂ ಬೇಜಾರು ಮಾಡ್ಕೊಳಲ್ಲ, ನೀರು ಕೇಳಿದೋರಿಗೆ ಬೆಲ್ಲವೂ ಬರುತ್ತೆ.

ದಂಡೆ ಮೇಲೇ ಮನೆ ಬೇಕು ಅಂತ ಹಟ ಇದ್ರೆ ಇನ್ನೊಂದು ಕೇಳ್ಕೊಳ್ಳಿ. ಲಿಂಗನಮಕ್ಕಿ ತುಂಬಿದ ಮಟ್ಟ 1819 ಅಡಿ. ಆಗಸ್ಟ್ ಬಂತು ಅಂದ್ರೆ ಇಲ್ಲಿ ಚಹಾ ಅಂಗಡೀಲಿ ಕ್ರಿಕೆಟ್ ಸ್ಕೋರ್ ಥರ ಅದನ್ನ ಕೇಳ್ತಾರೆ, "ಎಷ್ಟಾಯ್ತು ಇವತ್ತು?" ಅಂತ. ಹತ್ರ ಹತ್ರ ಬಂದ್ರೆ ಹೊಳೆ ಪಕ್ಕದ ಹಳ್ಳಿಗಳಿಗೆ ಎಚ್ಚರಿಕೆ ಬರುತ್ತೆ, ಗೇಟ್ ತೆಗೆದ ದಿನ ಉಬ್ಬರ ಬೇರೆ ಜೋರಿದ್ರೆ ನೀರು ಇಳಿಯೋಕೆ ಜಾಗ ಸಿಗಲ್ಲ, ತೋಟಕ್ಕೆ ನುಗ್ಗುತ್ತೆ. ಮನೆ ನೋಡೋಕೆ ಹೋದಾಗ ಮಾಲೀಕರನ್ನ ಕೇಳ್ಬೇಡಿ, ಪಕ್ಕದ ಮನೆ ಅಜ್ಜನ್ನ ಕೇಳಿ, ನೀರು ಎಲ್ಲೀವರೆಗೆ ಬಂದಿತ್ತು ಅಂತ. ಅಜ್ಜ ಯಾವುದೋ ಮೆಟ್ಟಿಲು ತೋರಿಸ್ತಾರೆ, ಆ ಮೆಟ್ಟಿಲಿಗಿಂತ ನಿಮ್ಮ ಹೊಸಿಲು ಎತ್ತರ ಇದ್ಯಾ ನೋಡ್ಕೊಳ್ಳಿ.

ಯಾವ ಏರಿಯಾ ಅಂದ್ರೆ, ಊರೊಳಗೆ ಬಜಾರು ಬಂದರದ ಕಡೆ ಹಳೇ ಮನೆಗಳಿವೆ, ನಡ್ಕೊಂಡೇ ಎಲ್ಲಾ ಸಿಗುತ್ತೆ, ಮೀನಿನ ವಾಸನೆ ಬಿಟ್ಟಿ. ಪ್ರಭಾತನಗರದಲ್ಲಿ ಕಾಲೇಜು, ಮೇಷ್ಟ್ರುಗಳ ಮನೆ, ಸ್ವಲ್ಪ ನೀಟು. ಸೇತುವೆ ದಾಟಿದ್ರೆ ಕಾಸರಕೋಡು, ಸಮುದ್ರ ಹತ್ರ, ಆದ್ರೆ ಕಿಟಕಿ ಸರಳು ಫ್ರಿಜ್ಜು ಬೈಕು ಎಲ್ಲಾ ತುಕ್ಕು ಹಿಡಿಯುತ್ತೆ. ಕರ್ಕಿ ಕಡೆ ಮನೆಗಳ ನಡುವೆ ತೋಟ. ನನ್ನ ಕೇಳಿದ್ರೆ ಹೊಳೆ ಮೇಲ್ಗಡೆ, ಗೇರುಸೊಪ್ಪ ರೋಡಲ್ಲಿ ಐದಾರು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಪಕ್ಕ. ನಾವೀಗ ಇರೋದು ಅಲ್ಲೇ, ಹಂಗಾಗಿ ನನ್ನ ಮಾತಿಗೆ ಪೂರ್ತಿ ಬೆಲೆ ಕೊಡ್ಬೇಡಿ.

ಕೊಳ್ಳೋದಾದ್ರೆ ಮೊದಲು ಎರಡು ವರ್ಷ ಬಾಡಿಗೇಲಿರಿ. ಈ ಜಿಲ್ಲೇಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಅರಣ್ಯ, ಅಗ್ಗಕ್ಕೆ ಸಿಗ್ತಿದೆ ಅಂದ್ರೆ ಅದು ಅತಿಕ್ರಮಣ ಜಾಗ ಆಗಿರೋ ಚಾನ್ಸೇ ಹೆಚ್ಚು, ಎಷ್ಟು ವರ್ಷದಿಂದ ಮನೆ ಕಟ್ಕೊಂಡಿದ್ರೂ ಪಹಣೀಲಿ ಹೆಸರಿಲ್ಲ ಅಂದ್ರೆ ಕೈ ಹಾಕ್ಬೇಡಿ. ಕೃಷಿ ಜಮೀನು ರೈತರಲ್ಲದೋರೂ ತಗೋಬೋದು, 2020ರ ತಿದ್ದುಪಡಿ ಆದ್ಮೇಲೆ. ಹಳ್ಳಿ ಕಡೆ ಆದ್ರೆ ಇ-ಸ್ವತ್ತು, ಅಂದ್ರೆ ಪಂಚಾಯ್ತಿಯ ಆಸ್ತಿ ದಾಖಲೆ, ಇದ್ಯಾ ನೋಡಿ. ಮತ್ತೆ ಸಿಆರ್‌ಝಡ್, ಅಂದ್ರೆ ಕರಾವಳೀಲಿ ಕಟ್ಟಡ ಕಟ್ಟೋಕೆ ಇರೋ ನಿರ್ಬಂಧ, ಅನ್ನೋದು ಬೀಚಿಗೆ ಮಾತ್ರ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅಲ್ಲ, ಉಬ್ಬರ ಎಲ್ಲೀವರೆಗೆ ಹೊಳೆ ಒಳಗೆ ಹೋಗುತ್ತೋ ಅಲ್ಲೀವರೆಗೂ ದಂಡೆಗೆ ಅದು ಲಾಗು ಆಗುತ್ತೆ, ಹೊಳೆ ಪಕ್ಕ ಕಾಟೇಜ್ ಕಟ್ತೀನಿ ಅನ್ನೋರು ಮ್ಯಾಪ್ ನೋಡದೆ ಒಂದು ಇಟ್ಟಿಗೇನೂ ಇಳಿಸ್ಬೇಡಿ.

ಇನ್ನು ಬದುಕೋದು. ಇಲ್ಲಿ ಗೋಡೆ ಗಡಿಯಾರಕ್ಕಿಂತ ನೀರಿನ ಗಡಿಯಾರ ಮುಖ್ಯ. ಉಬ್ಬರ ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ಅಮಾವಾಸ್ಯೆ ಹುಣ್ಣಿಮೆಗೆ ಜೋರು, ಅಷ್ಟಮಿ ಹತ್ರ ಮೆತ್ತಗೆ. ಕೊಂಕಣಿಯವರು ಭರತಿ ಅಂತಾರೆ. ನದಿ ಸಮುದ್ರ ಸೇರೋ ಬಾಯಿಗೆ ಅಳಿವೆ ಅಂತಾರೆ, ಅಲ್ಲಿ ಹೂಳು ತುಂಬಿ ಮರಳು ದಿಬ್ಬ ಆಗಿದೆ, ಬೋಟುಗಳು ನೀರು ಏರೋದನ್ನ ಕಾದು ಒಳಗೆ ಬರ್ಬೇಕು. ಅದಕ್ಕೇ ಮೀನು ಇಷ್ಟೇ ಹೊತ್ತಿಗೆ ಸಿಗುತ್ತೆ ಅಂತಿಲ್ಲ. ಮೊದಮೊದಲು ನಾನು ಹತ್ತು ಗಂಟೆಗೆ ಚೀಲ ಹಿಡ್ಕೊಂಡು ಹೋಗಿ ಬರಿಗೈಲಿ ಬರ್ತಿದ್ದೆ, ಈಗ ಮೀನಿನ ಅಕ್ಕನೇ ಹಿಂದಿನ ದಿನ ಹೇಳಿಬಿಡ್ತಾರೆ, ನಾಳೆ ತಡ ಬನ್ನಿ ಅಂತ.

ಮೀನಿನ ಅಕ್ಕನ್ನ ಒಬ್ಬರನ್ನ ಹಿಡ್ಕೊಳ್ಳಿ, ದಿನಕ್ಕೊಬ್ಬರ ಹತ್ರ ಹೋಗ್ಬೇಡಿ. ಚೌಕಾಸಿ ಮಾಡಿ, ಮಾಡದಿದ್ರೆ ಅವ್ರಿಗೂ ಮಜಾ ಇರಲ್ಲ, ಆದ್ರೆ ಬೇರೆಯವ್ರು ಕಡಿಮೆಗೆ ಕೊಡ್ತಾರೆ ಅಂತ ಮಾತ್ರ ಹೇಳ್ಬೇಡಿ. ಕಿವಿರು ಎತ್ತಿ ನೋಡಿ, ಕೆಂಪಗಿರ್ಬೇಕು, ಕಣ್ಣು ಒಳಗೆ ಕೂತಿರ್ಬಾರ್ದು. ಬಂಗಡೆ ತಾರ್ಲೆಯಿಂದ ಶುರು ಮಾಡಿ, ಆಮೇಲೆ ಲೆಪ್ಪೆ, ಶೆಟ್ಲಿ, ಇಸ್ವಾಣ ಸಂಬಳ ಬಂದ ವಾರ. ಬಂಗಡೆ ಸಾರಿಗೆ ಜುಮ್ಮನಕಾಯಿ ಹಾಕ್ಲೇಬೇಕು, ಹಸಿ ಕಾಳುಮೆಣಸಿನ ಥರ ಕಾಣುತ್ತೆ, ನಾಲಿಗೆ ಜುಮ್ ಅನ್ಸುತ್ತೆ, ಅದಿಲ್ದೆ ನಾನು ಒಂದು ವರ್ಷ ಮಾಡಿದ ಸಾರನ್ನ ಇಲ್ಲಿಯವರು ಅಡ್ಡಿಲ್ಲ ಅಡ್ಡಿಲ್ಲ ಅಂತ ತಿಂದಿದಾರೆ, ಯಾವ ಅಡ್ಡಿಲ್ಲ ಅಂತ ಈಗ ಅರ್ಥ ಆಗುತ್ತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯೋ ಹಂಗಿಲ್ಲ, 61 ದಿನ. ಆಗ ಹೊಳೆ ಮೀನು, ಏಡಿ, ಇಲ್ಲಾಂದ್ರೆ ಮೇನಲ್ಲೇ ತಗೊಂಡಿಟ್ಟ ಒಣಮೀನು, ಕುಚಲಕ್ಕಿ ಗಂಜಿ. ಸಸ್ಯಾಹಾರಿಗಳಿಗೆ ಅಪ್ಪೆಹುಳಿ ತಂಬುಳಿ ಇದೆ, ಅದನ್ನ ಊಟ ಅಂತ ಒಪ್ಕೊಳೋಕೆ ಮುದ್ದೆ ತಿನ್ನೋ ಜನಕ್ಕೆ ಆರು ತಿಂಗಳು ಬೇಕು, ಆಮೇಲೆ ಏಪ್ರಿಲ್ ಮಧ್ಯಾಹ್ನ ಬೇರೇನೂ ಬೇಡ ಅನ್ಸುತ್ತೆ.

ಮಾತಿನ ವಿಷಯ. ಒಂದೇ ಬೀದೀಲಿ ಹವ್ಯಕ ಕನ್ನಡ, ಕೊಂಕಣಿ, ಇಲ್ಲಿನ ನವಾಯತ ಮುಸ್ಲಿಮರ ಮಾತು, ಮೀನುಗಾರರ ಮಾತು ಎಲ್ಲಾ ಕೇಳುತ್ತೆ. ಯಾರ ಮನೆಗೆ ಹೋದ್ರೂ ಮೊದಲು "ಆಸರಿಗೆ ಎಂತ?" ಅಂತಾರೆ, ನಾನು ಮೊದಲನೇ ಸಲ ಯಾವ ಆಸರೆ ಕೇಳ್ತಿದಾರೆ ಅಂತ ಗಾಬರಿ ಆದೆ, ಕುಡಿಯೋಕೆ ಏನು ಕೊಡ್ಲಿ ಅಂತ ಅಷ್ಟೆ. ಬೇಡ ಅನ್ಬೇಡಿ, ಮುರುಗಲ ಹಣ್ಣಿನ ಪಾನಕ ಅಂತ ಹೇಳಿ.

ಈಗ ಐತಿಹಾಸಿಕ ಊರು ಅನ್ನೋದರ ಬಗ್ಗೆ. ಇಲ್ಲಿ ಹಂಪಿ ಥರ ಎದ್ದು ಕಾಣೋದೇನೂ ಇಲ್ಲ, ಟಿಕೆಟ್ ಕೌಂಟರಿಲ್ಲ, ಅದಕ್ಕೇ ನಂಗೆ ಇಷ್ಟ. 14ನೇ ಶತಮಾನದಲ್ಲಿ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದಿದ್ದ, ಊರಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇಂಥದ್ದು ಬೇರೆಲ್ಲೂ ಕಂಡಿಲ್ಲ ಅಂತ ಬರ್ಕೊಂಡಿದಾನೆ. ನನ್ನ ಮಗಳು ಸ್ಕೂಲ್ ಬಸ್ಸಿಗೆ ಕಾಯೋ ಜಾಗದಲ್ಲಿ ನಿಂತಾಗ ಆ ಲೆಕ್ಕ ನೆನಪಾಗುತ್ತೆ ಸುಮ್ನೆ. ಪೋರ್ಚುಗೀಸರು ಓನೋರ್ ಅಂತಿದ್ರು, 1505ರಲ್ಲಿ ಬಂದು ದಾಳಿ ಮಾಡಿದ್ರು. 1783-84ರಲ್ಲಿ ಇಲ್ಲಿನ ಕೋಟೆಯೊಳಗೆ ಇಂಗ್ಲಿಷರ ಪಡೆ, ಹೊರಗೆ ಟಿಪ್ಪು ಸೈನ್ಯದ ಮುತ್ತಿಗೆ, ತಿಂಗಳುಗಟ್ಟಲೆ. ಇಲ್ಲಿಗೆ ಇಷ್ಟೊಂದು ಜನ ಬರೋಕೆ ದೊಡ್ಡ ಕಾರಣ ಕಾಳುಮೆಣಸು. ಘಟ್ಟದ ಮೆಣಸು ಹೊಳೆ ಹಿಡಿದು ಕೆಳಗೆ ಬರ್ತಿತ್ತು, ಇಲ್ಲಿಂದ ಹಡಗು ಹತ್ತುತ್ತಿತ್ತು.

ಅದನ್ನ ನೋಡ್ಬೇಕು ಅಂದ್ರೆ ಪುಸ್ತಕ ಬಿಟ್ಟು ಒಂದು ಭಾನುವಾರ ಹೊಳೆ ಜೊತೆ ಮೇಲಕ್ಕೆ ಹೋಗಿ. ಮೂವತ್ತು ಕಿಲೋಮೀಟರ್ ಆಸುಪಾಸಲ್ಲಿ ಗೇರುಸೊಪ್ಪ, 16ನೇ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ಜಾಗ, ಪೋರ್ಚುಗೀಸರೇ ಅವಳನ್ನ ರೈನಾ ದ ಪಿಮೆಂಟಾ, ಅಂದ್ರೆ ಮೆಣಸಿನ ರಾಣಿ ಅಂತ ಕರೀತಿದ್ರು. ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ, ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿಂದ ನೋಡಿದ್ರೂ ಒಳಗೊಂದು ಜಿನಮೂರ್ತಿ ನಿಮ್ಮನ್ನೇ ನೋಡ್ತಾ ಕೂತಿರುತ್ತೆ. ಸುತ್ತ ಪಟ್ಟಣ ಇತ್ತು ಅಂತ ನಂಬೋಕೆ ಆಗಲ್ಲ, ಕಾಡಲ್ಲಿ ಹಕ್ಕಿ ಕೂಗೋದು ಬಿಟ್ರೆ ಸದ್ದಿಲ್ಲ. ಮಳೆಗಾಲದಲ್ಲಿ ಹೋಗೋದಾದ್ರೆ ಉಂಬಳಕ್ಕೆ (ಜಿಗಣೆಗೆ) ಉಪ್ಪಿನ ಪೊಟ್ಟಣ ಇಟ್ಕೊಳ್ಳಿ. ವಾಪಸ್ ಬರ್ತಾ ಯಾರದಾದ್ರೂ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಕಾಣುತ್ತೆ, ಅಷ್ಟು ಜಗಳಕ್ಕೆ ಕಾರಣ ಇದೇ ಬಳ್ಳಿ.

ನವೆಂಬರಿಂದ ಮೇವರೆಗೆ ಯಕ್ಷಗಾನ, ಇಲ್ಲಿ ಆಟ ಅಂತಾರೆ. ಇಡಗುಂಜಿ ದಾರೀಲಿ ಗುಣವಂತೆ ಇದೆ, ಕೆರೆಮನೆ ಮೇಳದ ಊರು, 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆ ಕಟ್ಟಿದ ಮೇಳ. ರಾತ್ರಿಯಿಡೀ ಆಟಕ್ಕೆ ಹೋಗೋದಾದ್ರೆ ಮಧ್ಯಾಹ್ನ ಮಲಗಿ, ಶಾಲು ತಗೊಳ್ಳಿ, ಪ್ರಸಂಗದ ಕಥೆ ಯಾರನ್ನಾದ್ರೂ ಮೊದಲೇ ಕೇಳ್ಕೊಳ್ಳಿ. ಅರ್ಥ ಆಗ್ಲಿಲ್ಲ ಅಂದ್ರೆ ಪಕ್ಕದೋರನ್ನ ಕೇಳಿ, ಅವ್ರು ಕಥೆ ಜೊತೆ ಆ ವೇಷಧಾರಿ ಹತ್ತು ವರ್ಷದ ಹಿಂದೆ ಹೆಂಗೆ ಕುಣೀತಿದ್ರು ಅನ್ನೋದನ್ನೂ ಹೇಳ್ತಾರೆ. ನಿದ್ದೆ ಬಂದ್ರೆ ಅಲ್ಲೇ ಮಲಗಿ, ಮೂರು ಗಂಟೆಗೆ ಚಂಡೆ ನಿಮ್ಮನ್ನ ಎಬ್ಸುತ್ತೆ.

ಕಷ್ಟಾನೂ ಹೇಳ್ಬೇಕಲ್ಲ. ಆಸ್ಪತ್ರೆ ದೊಡ್ಡ ಕೊರತೆ. ಜ್ವರ, ಹೆರಿಗೆ, ಮೂಳೆ ಮುರಿದ್ರೆ ಇಲ್ಲೇ ಆಗುತ್ತೆ, ಹಾರ್ಟು ಮೆದುಳು ಅಂದ್ರೆ ಮಣಿಪಾಲ, ನೂರು ಕಿಲೋಮೀಟರಿಗೂ ಮೇಲೆ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ಜನ 2019ರಲ್ಲೂ 2022ರಲ್ಲೂ ದೊಡ್ಡ ಅಭಿಯಾನ ಮಾಡಿದ್ರು. ಮನೇಲಿ ಹೃದಯದ ತೊಂದ್ರೆ ಇರೋ ಹಿರಿಯರಿದ್ರೆ ಎರಡು ಸಲ ಯೋಚನೆ ಮಾಡಿ, ನಾನು ಸುಮ್ನೆ ಹೆದರಿಸ್ತಿಲ್ಲ. ಮಳೆಗಾಲದಲ್ಲಿ ರಸ್ತೆ ನಂಬೋ ಹಂಗಿಲ್ಲ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಲ್ಲಿ ಗುಡ್ಡ ಕುಸಿದು ಹೈವೇ ಮೇಲೆ ಬಿದ್ದು ಗಂಗಾವಳಿ ಹೊಳೆಗೂ ನುಗ್ತು, ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಜೋರು ಮಳೇಲಿ ಘಟ್ಟ ಹತ್ತೋ ಮುಂಚೆ ರಸ್ತೆ ತೆರೆದಿದ್ಯಾ ಕೇಳ್ಕೊಳ್ಳಿ. ನಾವು ಊರಿಗೆ ಹೋಗೋದಾದ್ರೆ ಮಳೆಗಾಲದಲ್ಲಿ ಬೆಂಗ್ಳೂರಿಗೆ ಹೋಗೋ ಪಂಚಗಂಗಾ ರೈಲೇ.

ವರ್ಕ್ ಫ್ರಮ್ ಹೋಮ್‌ನವರು ಎರಡು ಕಂಪನಿ ಇಂಟರ್ನೆಟ್, ಒಂದು ಇನ್ವರ್ಟರ್ ಇಟ್ಕೊಳ್ಳಿ, ಮುಗೀತು.

ಇನ್ನೊಂದು, ಬಂದ ಹೊಸದರಲ್ಲಿ ಊರಿನ ಜಗಳಕ್ಕೆ ಬಾಯಿ ಹಾಕ್ಬೇಡಿ. ಕಾಸರಕೋಡ ಟೊಂಕದ ಬಂದರಿಗೆ ಮೀನುಗಾರರ ವಿರೋಧ ಇದೆ, ಆಮೆಗಳು ಮೊಟ್ಟೆ ಇಡೋ ತೀರ ಅದು. ಮೇಲ್ಗಡೆ ಶರಾವತಿ ಪಂಪ್ಡ್ ಸ್ಟೋರೇಜ್, ನೀರನ್ನ ಮೇಲಕ್ಕೆ ಪಂಪ್ ಮಾಡಿ ಮತ್ತೆ ಇಳಿಸಿ ಕರೆಂಟ್ ತೆಗೆಯೋ 2000 ಮೆಗಾವ್ಯಾಟ್ ಯೋಜನೆ, ಅದಕ್ಕೂ ವಿರೋಧ. ಬೆಂಗ್ಳೂರಿಂದ ಬಂದ ಮೊದಲ ವಾರದಲ್ಲೇ ಡೆವಲಪ್‌ಮೆಂಟ್ ಬೇಡ್ವಾ ಅಂತಲೋ, ಎಲ್ಲಾ ಹಿಂಗೇ ಇರ್ಲಿ ಎಷ್ಟು ಚೆಂದ ಅಂತಲೋ ಹೇಳಿದ್ರೆ ಎರಡೂ ಕಡೆಯವರು ನಕ್ಕು ಸುಮ್ನಾಗ್ತಾರೆ. ನಾನು ಹೇಳಿದ್ದೆ, ನಕ್ಕು ಸುಮ್ನಾದ್ರು. ನಾಲ್ಕು ವರ್ಷ ಆದ್ಮೇಲೆ ಮೀನಿನ ಅಕ್ಕನೇ, ನಿಮಗೆ ಎಂತ ಅನ್ನಿಸ್ತದೆ ಅಂತ ಕೇಳಿದ್ರು.

ಜುಲೈನಲ್ಲಿ ಹತ್ತು ದಿನಕ್ಕೆ ಬರೋದಾದ್ರೆ ಜೀನ್ಸ್ ತರ್ಬೇಡಿ, ಒಣಗಲ್ಲ. ರಬ್ಬರ್ ಚಪ್ಪಲಿ, ಎರಡು ಟಾರ್ಚು, ದೊಡ್ಡ ಕೊಡೆ ಸಾಕು, ಮಡಚೋ ಕೊಡೆ ಇಲ್ಲಿ ಎರಡನೇ ದಿನಕ್ಕೆ ಹೂವಾಗುತ್ತೆ. ಬೂಸ್ಲು ಸಹಿಸಿದ್ರೆ, ಮುಂದಿನ ಮೇ ಮೂರನೇ ವಾರ ಖಾಲಿ ಲೋಟ ಹಿಡ್ಕೊಂಡು ಇನ್ನೊಂದ್ಸಲ ಬನ್ನಿ.